ಮೈಕ್ ಮಾವನ ಎರಡನೇ ಸುತ್ತು

ನನ್ನ ಸೋದರಮಾವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಗುರುತಿನ ಚೀಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಗೆ ಬರಲಿಲ್ಲ. ಊರಿಗೆಲ್ಲ ಅವನು ಮೈಕ್ ಮಾವ. ನನಗೆ ಮಾವನಾಗುವುದು ಸರಿ, ಅಮ್ಮನ ಅಣ್ಣ. ಆದರೆ ಅವನಿಗಿಂತ ಹಿರಿಯರಾದ ಔಷಧಿ ಅಂಗಡಿಯವರೂ ಅಂಚೆಯವರೂ ಮೈಕ್ ಮಾವ ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಇದರಿಂದ ಹೊಟ್ಟೆ ಉರಿಯುತ್ತಿತ್ತು. ನನ್ನ ಸ್ವಂತ ಮಾವನನ್ನು ಊರಿನವರೆಲ್ಲ ಸೇರಿ ಹಂಚಿಕೊಂಡುಬಿಟ್ಟರಲ್ಲ ಎಂದು.

ಅವನ ಕೆಲಸ ಕೂಗುವುದು. ಒಂದು ಹಳೇ ನೀಲಿ ವ್ಯಾನು, ಅದರ ನೆತ್ತಿಯ ಮೇಲೆ ಎರಡು ದೊಡ್ಡ ಸ್ಪೀಕರು, ಒಳಗೆ ಬ್ಯಾಟರಿ, ಆಂಪ್ಲಿಫೈಯರು, ಒಂದಷ್ಟು ಕ್ಯಾಸೆಟ್ಟು. ಚಪ್ಪಲಿ ಅಂಗಡಿ, ಪಾತ್ರೆ ಅಂಗಡಿ, ಹೊಸ ಸಿನಿಮಾ, ಹಲ್ಲಿನ ಡಾಕ್ಟರು, ಯಾರು ಬಂದರೂ ಸರಿ, ಬೀದಿಬೀದಿ ಸುತ್ತಿ ಅವರ ಪರವಾಗಿ ಕೂಗಿ ಬರುವನು. ಶಾಲೆಗೆ ರಜೆಯಿದ್ದರೆ ನಾನೂ ಹತ್ತುತ್ತಿದ್ದೆ. ಬ್ಯಾಟರಿ ಪೆಟ್ಟಿಗೆಗೆ ಮೊಣಕಾಲು ತಾಗಿಸಿಕೊಂಡು ಕೂತರೆ ಆಂಪ್ಲಿಫೈಯರಿನ ಬಿಸಿ ವಾಸನೆ ಮೂಗಿಗೆ ಹತ್ತುತ್ತಿತ್ತು. ಈಗಲೂ ಇಸ್ತ್ರಿಪೆಟ್ಟಿಗೆ ತುಸು ಹೆಚ್ಚು ಕಾದಾಗ ಅದೇ ವಾಸನೆ ಬರುತ್ತದೆ, ನಾನು ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ.

ಮಾವ ಸಾಧು ಮನುಷ್ಯನೇನಲ್ಲ. ವ್ಯಾಪಾರದ ಮಾತಿನಲ್ಲಿ ಅವನ ನಾಲಿಗೆಗೆ ಎಲುಬೇ ಇರಲಿಲ್ಲ. ಕೊಡೆ ಅಂಗಡಿಯೊಂದಕ್ಕಾಗಿ ಸುಡುಬಿಸಿಲಿನಲ್ಲಿ ವ್ಯಾನಿನ ಕಿಟಕಿಯಿಂದ ಬಿಚ್ಚಿದ ಕೊಡೆ ಹಿಡಿದು ತುಟಿ ಪಿಟಕ್ಕೆನ್ನದೆ ದಿನವೆಲ್ಲ ಊರು ಸುತ್ತಿದ್ದ. ಮೈಕ್ ಮಾವನಿಗೆ ತಲೆ ಕೆಟ್ಟಿತು ಎಂದು ಊರೆಲ್ಲ ಗುಲ್ಲು. ಮರುದಿನ ಬಾಯಿ ಬಿಟ್ಟ: 'ನಿನ್ನೆ ನನ್ನನ್ನು ನೋಡಿ ನಕ್ಕವರೇ, ಮಳೆ ಬಂದಾಗ ನಾನು ನಗುತ್ತೇನೆ. ಕೊಡೆ ಎಲ್ಲಿ ಸಿಗುತ್ತದೆ ಗೊತ್ತಲ್ಲ?' ಪೈಪೋಟಿಯ ಎರಡು ಚಪ್ಪಲಿ ಅಂಗಡಿಯವರೂ ಅವನನ್ನೇ ಹಿಡಿದಾಗ ಬೆಳಿಗ್ಗೆ ಒಬ್ಬರನ್ನು ಹೊಗಳಿ ಮಧ್ಯಾಹ್ನ ಇನ್ನೊಬ್ಬರನ್ನು ಹೊಗಳಿದ. ಇಬ್ಬರೂ ಜಗಳಕ್ಕೆ ಬಂದರು. 'ಬಾಯಿ ನಂದು, ಮಾತು ನಿಮ್ದು. ನನ್ನನ್ಯಾಕೆ ಬೈತೀರಿ?' ಎಂದು ಕೈ ಝಾಡಿಸಿಕೊಂಡ.

ಒಂದು ವಿಷಯದಲ್ಲಿ ಮಾತ್ರ ಅವನು ಆಟವಾಡುತ್ತಿರಲಿಲ್ಲ. ಯಾರಾದರೂ ಕಾಣೆಯಾದರೆ, ಮಗುವೋ ಮುದುಕರೋ, ಮನೆಯವರು ಅವನ ಬಾಗಿಲಿಗೆ ಓಡಿ ಬರುತ್ತಿದ್ದರು. ಆಗ ಕ್ಯಾಸೆಟ್ಟಿನ ಹಾಡು ನಿಲ್ಲುತ್ತಿತ್ತು. ವ್ಯಾನು ನಡಿಗೆಯ ವೇಗಕ್ಕೆ ಇಳಿಯುತ್ತಿತ್ತು. ಮಾವ ಬೆರಳಗೆಣ್ಣಿನಿಂದ ಮೈಕನ್ನು ಟಕ್ ಟಕ್ ಎಂದು ತಟ್ಟಿ, ಆಮೇಲೆ ಸುಮ್ಮನಾಗುತ್ತಿದ್ದ. ಆ ಮೌನ ಎಷ್ಟು ಉದ್ದವೆಂದರೆ ಕೇಳುವವರಿಗೆ ಉಸಿರು ಕಟ್ಟಬೇಕು. ಕ್ಷೌರದವನು ಕತ್ತಿ ಮೇಲೆತ್ತಿ ನಿಲ್ಲುವನು, ಅಡುಗೆ ಮನೆಗಳಲ್ಲಿ ಒಲೆ ಸಣ್ಣದಾಗುವುದು. ಆಗ ಮಾವ ಯಾವ ಬಣ್ಣವೂ ಇಲ್ಲದ ಬರಿಯ ದನಿಯಲ್ಲಿ ಹೇಳುತ್ತಿದ್ದ: ಇಂಥವರು ಕಾಣೆಯಾಗಿದ್ದಾರೆ, ತೊಟ್ಟ ಬಟ್ಟೆ ಇಂಥದು, ಗುರುತು ಇಂಥದು.

ಸಿಕ್ಕ ಮೇಲೆ ಎರಡನೇ ಸುತ್ತು. ಅದೇ ಬೀದಿಗಳು, ಅದೇ ತಿರುವುಗಳು, ಒಂದನ್ನೂ ಬಿಡುವಂತಿಲ್ಲ. 'ಸಿಕ್ಕಿದ್ದಾರೆ. ಹುಡುಕಿದವರಿಗೆಲ್ಲ ಮನೆಯವರ ನಮಸ್ಕಾರ.' ಇದಕ್ಕೆ ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಹೇಗೂ ಸಿಕ್ಕಾಯಿತಲ್ಲ, ಯಾಕೆ ಪೆಟ್ರೋಲು ಸುಡುತ್ತೀ ಎಂದು ಅಮ್ಮ ಕೇಳಿದರೆ, 'ಕೂಗಿದ್ದನ್ನ ಇಳಿಸಬೇಕು ಕಣೇ. ಇಲ್ಲಾಂದ್ರೆ ಯಾರೋ ಒಬ್ರು ಇನ್ನೂ ಹುಡುಕ್ತಾನೇ ಇರ್ತಾರೆ' ಎನ್ನುತ್ತಿದ್ದ.

ಹಾಗೆ ಹುಡುಕುತ್ತಲೇ ಇರುವವಳು ಅವನ ಮನೆಯಲ್ಲೇ ಇದ್ದಳು. ಟಕ್ ಟಕ್ ಕೇಳಿದ ಕೂಡಲೇ ನಮ್ಮತ್ತೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟುತ್ತಿದ್ದಳು. ವ್ಯಾನು ಹೋದ ದಾರಿಯಲ್ಲೇ ಅದರ ಹಿಂದೆ ನಡೆದುಕೊಂಡು, ಮೆಟ್ಟಿಲ ಕೆಳಗೆ, ಗೋಡೆಯ ಹಿಂದೆ ಇಣುಕುತ್ತ, ಕಂಡವರನ್ನೆಲ್ಲ ಕೇಳುತ್ತ, ಕೊನೆಗೆ ಬಸ್ ನಿಲ್ದಾಣ. ಎಷ್ಟೋ ಮಕ್ಕಳನ್ನು ಅವಳೇ ಕೈ ಹಿಡಿದು ತಂದಿದ್ದಾಳೆ. ಎರಡನೇ ಸುತ್ತಿನಲ್ಲಿ ಮಾವ ಕೆಲವೊಮ್ಮೆ ಮೈಕನ್ನು ನನ್ನ ಬಾಯಿಗೆ ಹಿಡಿಯುತ್ತಿದ್ದ. 'ಸಿಕ್ಕಿದ್ದಾರೆ!' ಎಂದು ನಾನು ಕಿರುಚಿದರೆ ಬೀದಿಯ ಎರಡೂ ಕಡೆ ಕಿಟಕಿಗಳಲ್ಲಿ ನಗುಮುಖಗಳು. ಅಷ್ಟು ಸುಖ ನನಗೆ ಆಮೇಲೆ ಬಹಳ ಕಡಿಮೆ ಸಿಕ್ಕಿದೆ.

ಕಾಲ ಹೋಯಿತು. ಎಲ್ಲರ ಕೈಗೂ ಫೋನು ಬಂತು, ಅಂಗಡಿಗಳ ಕೂಗು ಅದರೊಳಗೆ ಸೇರಿಕೊಂಡಿತು. ಮಾವ ವ್ಯಾನು ಮಾರಿದ. ಸ್ಪೀಕರುಗಳನ್ನು ಅತ್ತೆ ಬಾಲ್ಕನಿಯಲ್ಲಿ ಅಂಗಾತ ಮಲಗಿಸಿ, ಮಣ್ಣು ತುಂಬಿ, ಬಳ್ಳಿ ಹಬ್ಬಿಸಿದಳು. ನಾನು ಅವರ ಮನೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟೆ. ಅಷ್ಟರಲ್ಲಿ ಅತ್ತೆಗೆ ಮರೆವು ಶುರುವಾಗಿತ್ತು. ಮಧ್ಯಾಹ್ನ ಉಂಡದ್ದು ಸಂಜೆಗೆ ನೆನಪಿರುತ್ತಿರಲಿಲ್ಲ. ಹಳೆಯದೆಲ್ಲ ಮಾತ್ರ ಹಾಗೇ ಇತ್ತು, ಯಾವ ಮಗು ಯಾವ ಬೆಂಚಿನ ಕೆಳಗೆ ಸಿಕ್ಕಿತು ಎನ್ನುವುದೂ.

ಆ ಹೊತ್ತಿಗೆ ಬಂದವನೇ ಲೈಕ್ ರಾಜ. ಇದು ನಾನಿಟ್ಟ ಹೆಸರು. ಹಾಸಿಗೆ ಅಂಗಡಿಯವರ ಮಗ, ಫೋನಿನಲ್ಲಿ ಜಾಹೀರಾತು ಹರಿಯಬಿಡುವುದರಲ್ಲಿ ಪಳಗಿದ ಕೈ. ಒಮ್ಮೆ ತನ್ನ ಅಂಗಡಿಯನ್ನು ತಾನೇ ಕೆಟ್ಟಾಕೊಳಕಾಗಿ ಬೈದು ವಿಡಿಯೊ ಹಾಕಿ, ನೋಡಲು ಜನ ಮುಗಿಬೀಳುವಂತೆ ಮಾಡಿದ್ದ. 'ಹೊಗಳಿದ್ರೆ ಯಾರು ನೋಡ್ತಾರೆ ಅಕ್ಕ? ಜನ ಕಿತ್ತಾಡ್ಬೇಕು' ಎಂದು ನನಗೇ ಪಾಠ ಹೇಳಿದವನು.

ಅವನು ತುಪ್ಪಳದ ಟೋಪಿ ಹಾಕಿದಂಥ ಪುಟ್ಟ ಮೈಕು ತಂದು ಮಾವನ ಮುಂದಿಟ್ಟ. 'ಮಾವ, ನಿಮ್ಮ ಆ ಟಕ್ ಟಕ್ ಬೇಕು. ಆಮೇಲಿನ ಸೈಲೆನ್ಸ್ ಬೇಕು. ಹಳಬರು ಅದನ್ನ ಇನ್ನೂ ಮರೆತಿಲ್ಲ.'

'ಅದು ಜಾಹೀರಾತಿಗಲ್ಲಪ್ಪ' ಎಂದ ಮಾವ.

'ತಮಾಷೆ ಮಾವ. ಪೂರ್ತಿ ಕೇಳಿ. ಒಬ್ಬ ಅಮ್ಮ ಕಾಣೆಯಾಗಿದ್ದಾರೆ ಅಂತ ಶುರು ಮಾಡ್ತೀರಿ. ತಕ್ಷಣ, ಗಾಬರಿ ಬೇಡ, ಅವರು ನಮ್ಮ ಅಂಗಡಿ ಹಾಸಿಗೆ ಮೇಲೆ ನಿದ್ದೆ ಹೋಗಿದ್ದಾರೆ, ಎಬ್ಬಿಸೋಕೆ ಯಾರಿಗೂ ಮನಸ್ಸು ಬರ್ತಿಲ್ಲ, ಅಂತೀರಿ. ಅಷ್ಟೇ.'

ಮಾವನಿಗೆ ನಗು ಬಂತು. ಹಳೇ ಕೊಡೆಯ ಆಟ ನೆನಪಾಗಿರಬೇಕು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು: ಎಷ್ಟೋ ವರ್ಷಗಳ ಮೇಲೆ ಒಬ್ಬರು ಅವನ ದನಿ ಬೇಕೆಂದು ಮನೆಗೆ ಬಂದಿದ್ದರು. ಆ ಮುಖದ ಕಳೆ ನೋಡಿ ನನಗೂ ಬೇಡವೆನ್ನಲು ಬಾಯಿ ಬರಲಿಲ್ಲ. 'ಒಂದೇ ಉಸಿರಲ್ಲಿ ಬರ್ಬೇಕು, ನೋಡು. ಮಧ್ಯೆ ನಿಲ್ಲಿಸಬಾರದು' ಎಂದ ಮಾವ. ಲೈಕ್ ರಾಜ ತಲೆಯಾಡಿಸಿದ.

'ಗುರುತು ಏನಾದ್ರೂ ಹೇಳಿ ಮಾವ, ನಿಜ ಅನ್ನಿಸ್ಬೇಕು.'

ಮಾವ ಸುತ್ತ ನೋಡಿದ. ಬಾಲ್ಕನಿಯಲ್ಲಿ ಅತ್ತೆ ಬಳ್ಳಿಗೆ ನೀರು ಹಾಕುತ್ತಿದ್ದಳು. ಟಕ್ ಟಕ್. ಮೌನ. 'ಒಬ್ಬ ವಯಸ್ಸಾದ ಅಮ್ಮ ಕಾಣೆಯಾಗಿದ್ದಾರೆ. ಬೂದು ಬಣ್ಣದ ಸ್ವೆಟರು, ಬಲ ಮೊಣಕೈ ಮೇಲೆ ಕಂದು ತೇಪೆ. ಕೈಯಲ್ಲಿ ಬಟ್ಟೆ ಚೀಲ.' ಅದೇ ಉಸಿರಿನಲ್ಲಿ ಹಾಸಿಗೆಯ ಮಾತನ್ನೂ ಮುಗಿಸಿದ. ಅತ್ತೆಯ ಸ್ವೆಟರಿಗೆ ಆ ತೇಪೆ ಹಚ್ಚಿದವಳು ನಾನು. ಅತ್ತೆ ನೀರಿನ ಚೊಂಬು ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕು, ತಮಾಷೆ ಅತ್ತೆ ತಮಾಷೆ ಎಂದು ಕೂರಿಸಿದೆವು.

ಮುಂದಿನ ವಾರ ಒಂದು ಮುಂಜಾನೆ ಗಿರಾಕಿಯೊಬ್ಬಳು ಅಂಗಡಿಗೆ ಬಂದವಳೇ ಫೋನು ಹಿಡಿದಳು. 'ಅಕ್ಕ, ಕೇಳಿದ್ರಾ? ಪಾಪ, ಯಾರೋ ಕಳೆದುಹೋಗಿದ್ದಾರಂತೆ.' ಟಕ್ ಟಕ್, ಮೌನ, ಬೂದು ಸ್ವೆಟರು, ಬಟ್ಟೆ ಚೀಲ. ಅಲ್ಲಿಗೆ ನಿಂತುಹೋಯಿತು. ಹಾಸಿಗೆಯ ಮಾತು ಬರಲೇ ಇಲ್ಲ. ಒಂದೇ ಉಸಿರಿನ ಮಾತನ್ನು ಲೈಕ್ ರಾಜ ಎರಡಾಗಿ ಕತ್ತರಿಸಿದ್ದ. ಊರು ಗಾಬರಿಯಾಗಲಿ, ಉಳಿದರ್ಧ ಮಧ್ಯಾಹ್ನಕ್ಕಿರಲಿ ಎಂದು. ಜನ ಬೀದಿಗಿಳಿದು ಹುಡುಕುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಮಾವನಿಗೆ ಹೇಳಿ ಆ ಹುಡುಗನ ಗ್ರಹಚಾರ ಬಿಡಿಸಬೇಕೆಂದು ಅಂಗಡಿ ಹಾಗೇ ಬಿಟ್ಟು ಹೊರಟೆ.

ಮನೆಯ ಬಾಗಿಲು ತೆರೆದಿತ್ತು. ಅತ್ತೆ ಇರಲಿಲ್ಲ. ಚಪ್ಪಲಿ ಇರಲಿಲ್ಲ, ಗೂಟದಲ್ಲಿ ಸ್ವೆಟರೂ ಇರಲಿಲ್ಲ. ಮೇಲಿನ ಮನೆಯವಳು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಅದನ್ನೇ ಕೇಳುತ್ತಿದ್ದಾಗ ಅತ್ತೆ ಎದುರಿಗೇ ಹಾದು ಹೋದಳಂತೆ. 'ಕಾಣೆಯಾದೋರು ಕಣ್ಣೆದುರೇ ಹೋಗ್ತಿದ್ದಾರಲ್ಲ ಅಂತ ನಂಗೆ ನಗು ಬಂತು' ಎಂದಳು. ಕನ್ನಡಕ ರಿಪೇರಿಗೆ ಹೋಗಿದ್ದ ಮಾವ ಆಗ ಬಂದ. ನಾನು ಹೇಳಿದ್ದನ್ನೆಲ್ಲ ಕೇಳಿ, ಒಳಗೆ ಹೋಗಿ ಎರಡೂ ಕೋಣೆ ನೋಡಿ ಬಂದ.

ಸುತ್ತಲಿನ ಬೀದಿಗಳಲ್ಲಿ ಹುಡುಕಿದೆವು, ಸಿಗಲಿಲ್ಲ. ಕೊನೆಗೆ ಮಾವ ನನ್ನ ಫೋನು ಇಸಿದುಕೊಂಡು ಮೇಜಿನ ಮೇಲಿಟ್ಟು, ಬೆರಳಗೆಣ್ಣಿನಿಂದ ತಟ್ಟಿದ. ಮೌನ. ಆಮೇಲೆ ಅದೇ ಮಾತು, ಅದೇ ಸ್ವೆಟರು, ಅದೇ ತೇಪೆ. ನಿಜ ಹೇಳಲು ಅವನ ಬಳಿ ಬೇರೆ ಮಾತೇ ಉಳಿದಿರಲಿಲ್ಲ. ನಾನು ಗೊತ್ತಿದ್ದವರಿಗೆಲ್ಲ ಕಳಿಸಿದೆ.

ಆದರೆ ಉಳಿದರ್ಧ ಅಷ್ಟರಲ್ಲಿ ಹೊರಬಿದ್ದಿತ್ತು. ಬೆಳಗಿನಿಂದ ಹುಡುಕಿ ಸುಸ್ತಾದವರು ಸಿಟ್ಟಿನಿಂದ ಕುದಿಯುತ್ತಿದ್ದರು. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ನಮಗೆ ಬಂದ ಉತ್ತರಗಳೆಲ್ಲ ಹಲ್ಲು ಕಿಸಿದ ಮುಖಗಳು. 'ಈ ಸಲ ಯಾವ ಅಂಗಡಿ ಮಾವ?' 'ಸೋಫಾ ಮೇಲೂ ಮಲಗಿಸಿ!' ಒಬ್ಬರಂತೂ, ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ ಎಂದು ಉಗಿದರು. ನಾನು ಲೈಕ್ ರಾಜನಿಗೆ ಫೋನು ಮಾಡಿ ಮಾವನ ಕೈಗೆ ಕೊಟ್ಟೆ.

'ಸೂಪರ್ ಮಾವ! ನಾವು ಹೇಳ್ದೇನೇ ಮೂರನೇ ಭಾಗ ಮಾಡಿಬಿಟ್ರಾ?'

'ಇಲ್ಲಪ್ಪ' ಎಂದ ಮಾವ. 'ನನ್ನ ಹೆಂಡತಿ ನಿಜವಾಗ್ಲೂ ಕಾಣ್ತಿಲ್ಲ.'

ಆ ಕಡೆ ಹುರುಪು ಇಳಿಯಿತು. ಆಮೇಲೆ ಮೆಲ್ಲಗೆ, 'ಮಾವ... ಈಗ ನಾನೇ ನಿಜ ಅಂತ ಹಾಕಿದ್ರೂ ಯಾರೂ ನಂಬಲ್ಲ' ಎಂದ. ಮಾವ ಫೋನು ಕೆಳಗಿಟ್ಟು ತನ್ನ ಕುತ್ತಿಗೆಯನ್ನು ಕೈಯಿಂದ ಸವರಿಕೊಂಡ. ಜೀವಮಾನದಲ್ಲಿ ಅವನ ಆ ದನಿಯನ್ನು ಊರು ನಂಬದೆ ಇದ್ದದ್ದು ಅದೇ ಮೊದಲು. ಅದೂ ಅವನ ಮನೆಯವಳಿಗೇ ಬೇಕಾದಾಗ. ನನಗೆ ಅಳು ತಡೆಯಲಾಗಲಿಲ್ಲ.

ಮತ್ತೆ ಬೀದಿಗಿಳಿದೆವು. ತಿರುವಿನಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ತರಕಾರಿಯವಳು ನಮ್ಮನ್ನು ತಡೆದಳು. 'ಬೂದು ಸ್ವೆಟರ್ ಅಮ್ಮನಾ? ಮಧ್ಯಾಹ್ನ ಈ ಕಡೆ ಬಂದಿದ್ರಲ್ಲ. ಯಾರೋ ವಯಸ್ಸಾದೋರು ಕಳೆದುಹೋಗಿದ್ದಾರೆ, ನೋಡಿದ್ಯಾ ಅಂತ ನನ್ನನ್ನೇ ಕೇಳಿದ್ರು. ಜಾಹೀರಾತಿನೋರು ಅಂದ್ಕೊಂಡು ನಕ್ಕು ಕಳಿಸ್ದೆ.'

ಮಾವ ಅಲ್ಲೇ ನಿಂತುಬಿಟ್ಟ. 'ಹುಡುಕೋಕೆ ಹೋಗಿದ್ದಾಳೆ ಕಣೇ' ಎಂದ. 'ನಾನು ಕೂಗಿದ್ದು ಕೇಳ್ಸಿಕೊಂಡು ಹುಡುಕೋಕೆ ಹೋಗಿದ್ದಾಳೆ.' ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ವ್ಯಾನಿನ ಹಳೇ ದಾರಿ ಅವನ ಕಾಲಿಗೆ ಗೊತ್ತಿತ್ತು. ಔಷಧಿ ಅಂಗಡಿ, ಮುಚ್ಚಿಹೋದ ಸಿನಿಮಾ ಮಂದಿರ, ಶಾಲೆಯ ಹಿಂಗೋಡೆ, ಕೊನೆಗೆ ಬಸ್ ನಿಲ್ದಾಣ. ಆ ವಯಸ್ಸಿನಲ್ಲಿ ಅವನ ನಡಿಗೆಗೆ ನಾನು ಓಡಬೇಕಾಯಿತು.

ನಿಲ್ದಾಣದಲ್ಲಿ ಒಂದು ಗುಂಪು. ನಡುವೆ ಅತ್ತೆ, ಕೆದರಿದ ಕೂದಲು, ಕೈಯಲ್ಲಿ ಬಟ್ಟೆ ಚೀಲ. 'ಬೂದು ಸ್ವೆಟರು, ಮೊಣಕೈ ಮೇಲೆ ತೇಪೆ. ಯಾರಾದ್ರೂ ನೋಡಿದ್ರಾ? ಹೇಳ್ರಪ್ಪ' ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಜನ ಅವಳ ಮೊಣಕೈ ತೋರಿಸಿ ನಗುತ್ತಿದ್ದರು. ಫೋನುಗಳೆಲ್ಲ ಮೇಲೆದ್ದಿದ್ದವು. ಒಬ್ಬ ಹುಡುಗಿ ಅವಳ ಹೆಗಲಿಗೆ ಒರಗಿ ಸೆಲ್ಫಿ ತೆಗೆದುಕೊಂಡಳು. ಜಾಹೀರಾತಿನ ಅಮ್ಮನೇ ಖುದ್ದಾಗಿ ಬಂದಿದ್ದಾರೆ ಎಂದು ಅವರ ಎಣಿಕೆ. ಅವರನ್ನು ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯಲಿ?

ಮಾವನನ್ನು ಕಂಡ ಕೂಡಲೇ ಅತ್ತೆಯ ಮುಖ ಅರಳಿತು. 'ಬಂದ್ರಾ? ಎಲ್ಲಾ ಕಡೆ ನೋಡ್ದೆ ರೀ. ಇನ್ನೂ ಸಿಕ್ಕಿಲ್ಲ. ಪಾಪ, ಮನೇಲಿ ಎಷ್ಟು ಗಾಬರಿಯಾಗಿದ್ದಾರೋ.'

ಮಾವ ಅವಳ ಕೈ ಹಿಡಿದುಕೊಂಡ. 'ಸಿಕ್ಕಿದ್ರು' ಎಂದ.

'ಸಿಕ್ಕಿದ್ರಾ? ಸದ್ಯ.' ಅತ್ತೆ ನಿಟ್ಟುಸಿರು ಬಿಟ್ಟಳು. ಆಮೇಲೆ ಗದರಿದಳು: 'ಮತ್ತೆ ಸುಮ್ನೆ ನಿಂತಿದ್ದೀರಲ್ಲ? ಕೂಗಿ. ಎಷ್ಟು ಜನ ಹುಡುಕ್ತಿದ್ದಾರೋ ಏನೋ.'

ಮಾವನ ಕೈಯಲ್ಲಿ ಮೈಕಿರಲಿಲ್ಲ. ಬಸ್ಸಿನ ಕಂಬಿಯನ್ನು ಬೆರಳಗೆಣ್ಣಿನಿಂದ ತಟ್ಟಿದ, ಟಕ್ ಟಕ್. ಸುಮ್ಮನಾದ. ಗುಂಪು ಸೆಟೆದು ನಿಂತಿತು, ಫೋನುಗಳು ಇನ್ನೂ ಹತ್ತಿರ ಬಂದವು. 'ವಯಸ್ಸಾದ ಅಮ್ಮ, ಬೂದು ಸ್ವೆಟರು, ಮೊಣಕೈ ಮೇಲೆ ಕಂದು ತೇಪೆ' ಎಂದ. 'ಸಿಕ್ಕಿದ್ದಾರೆ. ಹುಡುಕಿದವರಿಗೆಲ್ಲ ಮನೆಯವರ ನಮಸ್ಕಾರ.'

ಜನ ಕಾದರು. ಮುಂದೆ ಅಂಗಡಿಯ ಹೆಸರು ಬರುತ್ತದೆಂದು ಫೋನು ಹಿಡಿದೇ ಕಾದರು. ಮಾವ ಅತ್ತೆಯ ಚೀಲವನ್ನು ತಾನು ತೆಗೆದುಕೊಂಡ. ಒಂದೊಂದಾಗಿ ಫೋನುಗಳು ಕೆಳಗಿಳಿದವು. ಸೆಲ್ಫಿ ತೆಗೆದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಮನೆಗೆ ಹತ್ತಿರದ ದಾರಿ ಬೇರೆ ಇತ್ತು. ನಾವು ಹಳೇ ದಾರಿಯಲ್ಲೇ ಹೋದೆವು. ಶಾಲೆಯ ಹಿಂಗೋಡೆ, ಸಿನಿಮಾ ಮಂದಿರ, ಔಷಧಿ ಅಂಗಡಿ, ಪ್ರತಿ ತಿರುವಿನಲ್ಲೂ ಮಾವ ನಿಂತು ಕೂಗಿದ. ಅರ್ಧ ದಾರಿಗೆ ಅವನ ಗಂಟಲು ಕಟ್ಟಿತು. ಆಗ ಅತ್ತೆ ನನ್ನ ಕಡೆ ತಿರುಗಿ, 'ನೀನಾದ್ರೂ ಹೇಳೇ' ಎಂದಳು. ಉಳಿದ ಬೀದಿಗಳಲ್ಲಿ ಸಿಕ್ಕಿದ್ದಾರೆ ಎಂದು ಕೂಗಿದವಳು ನಾನು.