ಕಮಾನಿನ ಕೆಳಗೆ ನಿಂತವರು

ಸೇಲಂನಲ್ಲಿ ನಾನು ಕೆಲಸಕ್ಕಿದ್ದ ಬ್ಯಾಂಕು ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡದಲ್ಲಿತ್ತು. ಕೆಂಪು ಇಟ್ಟಿಗೆಯ ದಪ್ಪ ಗೋಡೆಗಳು, ಆಳೆತ್ತರದ ತೇಗದ ಕಿಟಕಿಗಳು, ಹಜಾರದ ನಡುವೆ ಕಲ್ಲಿನ ದೊಡ್ಡ ಕಮಾನು. ಅದರ ರಿಪೇರಿಗೆ ನಂಗವಳ್ಳಿ ಕಡೆಯಿಂದ ವಯಸ್ಸಾದ ಮೇಸ್ತ್ರಿಯೊಬ್ಬರು ಬರುತ್ತಿದ್ದರು. ಸುಣ್ಣದ ಗಾರೆ ಬಲ್ಲವರು ಆಗಲೇ ಅಪರೂಪವಾಗಿದ್ದರು. ನಾನು ಮನೆಯಲ್ಲಿ ಕನ್ನಡ ಆಡುವವಳೆಂದು ತಿಳಿದ ಮೇಲೆ ಅವರು ನನ್ನೊಡನೆ ತಮಿಳು ಬಿಟ್ಟೇಬಿಟ್ಟರು. ಕೆಲಸ ಶುರುಮಾಡುವ ಮುಂಚೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಡುತ್ತಿದ್ದರು. ನಡುವೆ ನಾನೇನಾದರೂ ಕೇಳಿದರೆ, "ಇರಮ್ಮಾ, ಗೋಡೆ ಮಾತಾಡ್ತೈತೆ" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಏಸಿ ಹಾಕಿಸುವಾಗ, ಪೈಪು ನೇರವಾಗಿ ಹೋಗಲೆಂದು ಕಮಾನಿನ ನಟ್ಟನಡುವಿನ ಕಲ್ಲನ್ನು ಒಡೆಯುವಂತೆ ಮ್ಯಾನೇಜರ್ ಮೇಸ್ತ್ರಿಗೆ ಹೇಳಿದರು.

"ಮುಡಿಯಾದು ಸಾರ್" ಎಂದು, ಆಗುವುದಿಲ್ಲವೆಂದು ತಮಿಳಿನಲ್ಲೇ ಹೇಳಿ, ಮೇಸ್ತ್ರಿ ಉಳಿಯನ್ನು ಕೆಳಗಿಟ್ಟರು. ನನ್ನತ್ತ ತಿರುಗಿ, "ಅದೊಂದೇ ಕಲ್ಲಮ್ಮಾ, ಮೇಲಿನ ಗೋಡೇನೆಲ್ಲ ಹಿಡ್ಕಂಡಿರೋದು" ಎಂದರು.

ಮ್ಯಾನೇಜರ್ ಸಿಟ್ಟಾಗಿ ಡ್ರಿಲ್ಲಿನವನನ್ನು ಕರೆಸಿದರು. ಅವನು ಏಣಿ ಹತ್ತಿ ಯಂತ್ರ ಚಾಲೂ ಮಾಡುತ್ತಿದ್ದಂತೆ ಮೇಸ್ತ್ರಿ ಹೋಗಿ ಆ ಕಲ್ಲಿನ ಕೆಳಗೇ ನಿಂತುಬಿಟ್ಟರು. ಕೈಕಟ್ಟಿ, ಮೇಲೆ ನೋಡದೆ ನಿಂತರು. ಡ್ರಿಲ್ಲಿನವನು ಅವರನ್ನೊಮ್ಮೆ ಕಲ್ಲನ್ನೊಮ್ಮೆ ನೋಡಿ, ಯಂತ್ರ ಆರಿಸಿ ಇಳಿದುಬಂದ. ಪೈಪು ಕಿಟಕಿಯ ಕಡೆಯಿಂದ ಸುತ್ತಿ ಹೋಯಿತು. ಮೇಸ್ತ್ರಿಯನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಎಷ್ಟೋ ತಿಂಗಳ ಮೇಲೆ ಮೇಟೂರು ಬಸ್ಸಿನಲ್ಲಿ ಸಿಕ್ಕರು. ಅಷ್ಟು ಧೈರ್ಯ ಅವತ್ತು ಎಲ್ಲಿಂದ ಬಂತೆಂದು ಕೇಳಿದೆ.

"ಧೈರ್ಯ ಎಲ್ಲಿ ಬಂತಮ್ಮಾ? ಕಾಲು ಗಡಗಡ ನಡುಗ್ತಿತ್ತು" ಎಂದು ಅವರು ನಕ್ಕರು. "ಪಂಚೆ ಉಟ್ಟಿದ್ನಲ್ಲ, ಯಾರ್ಗೂ ಕಾಣ್ಲಿಲ್ಲ."