ಸುತ್ತಿಕೊಂಡ ಹುಳ

ಮಲ್ಲಿಪಟ್ಟಣದಲ್ಲಿ ನಾನು ಬಾಡಿಗೆಗಿದ್ದಾಗ ಪಕ್ಕದ ಮನೆಯ ಐದು ವರ್ಷದ ಹುಡುಗಿ ದಿನವಿಡೀ ಹಿತ್ತಲಲ್ಲೇ ಇರುತ್ತಿದ್ದಳು. ಕಲ್ಲೆತ್ತಿ ಸಾವಿರಕಾಲಿನ ಹುಳ ಹುಡುಕುವಳು. ಮುಟ್ಟಿದರೆ ಅದು ಚಕ್ಕುಲಿಯಂತೆ ಸುತ್ತಿಕೊಳ್ಳುತ್ತಿತ್ತು. ಬಿಚ್ಚಿಕೊಳ್ಳುವ ತನಕ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಾಯುವಳು. ನಾನು ಕಡ್ಡಿ ಚಾಚಿದರೆ ಕೈ ತಳ್ಳುವಳು.

"ಮುಟ್ಬ್ಯಾಡ ಕಣಕ್ಕಾ. ಸುಮ್ಕಿದ್ರೆ ಅದೇ ಎದ್ದೋಯ್ತದೆ."

ಅವಳ ಅವ್ವ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಹುಳಕ್ಕೆ ಹೊಡೆಯುವ ಔಷಧಿಯನ್ನು ಡ್ರಮ್ಮಿನಲ್ಲಿ ಬರಿಗೈಯಲ್ಲೇ ಕಲಸುವಳು. ಅಲ್ಲಿ ಎಲ್ಲರೂ ಹಾಗೇ. ಒಂದು ದಿನ ತಲೆಸುತ್ತು ಅಂತ ಮಧ್ಯಾಹ್ನವೇ ಮನೆಗೆ ಬಂದಿದ್ದಳಂತೆ. ಸಂಜೆ ನಾನು ಒಣಗಿದ ಬಟ್ಟೆ ತೆಗೆಯಲು ಹೋದರೆ, ಒಗೆಯುವ ಕಲ್ಲಿನ ಪಕ್ಕ ಮುದುರಿ ಬಿದ್ದಿದ್ದಳು. ಬಾಯಿಯ ನೊರೆ ಒಣಗಿತ್ತು. ಎದುರಿಗೆ ಹುಡುಗಿ ಕುಕ್ಕರಗಾಲಲ್ಲಿ ಕೂತಿದ್ದಳು.

ಓಡಿಹೋಗಿ ಕೈ ಚಾಚಿದೆ. ಅವಳು ತಳ್ಳಿದಳು.

"ಮುಟ್ಬ್ಯಾಡ ಕಣಕ್ಕಾ. ಮಧ್ಯಾನದಿಂದ ನಾನೇ ಮುಟ್ಟಿಲ್ಲ."