ಶಬ್ತಾಯ್ ನೆಟ್ಟ ಬಾಗಿಲು

ಜೆರುಸಲೇಮಿನ ಅಬು ತೋರ್ ಗುಡ್ಡದ ನಮ್ಮ ಓಣಿಯಲ್ಲಿ ಶಬ್ತಾಯ್ ಎಂಬ ತಗಡು ಕೆಲಸದವನಿದ್ದ. ವಾರವಿಡೀ ಕೊಡ, ಲಾಟೀನುಗಳಿಗೆ ಬೆಸುಗೆ ಹಾಕುವನು. ಶುಕ್ರವಾರ ಮಧ್ಯಾಹ್ನ ಏಣಿ ಹೊತ್ತು ಶಬ್ಬತ್ತಿನ ತಂತಿ ನೋಡಿಕೊಂಡು ಬರುವನು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಯೆಹೂದ್ಯರಾದ ನಮಗೆ ಶಬ್ಬತ್ತು, ಕೆಲಸ ನಿಷಿದ್ಧವಾದ ದಿನ. ಆಗ ಮನೆಯಿಂದ ಓಣಿಗೆ ಒಂದು ಕರವಸ್ತ್ರವನ್ನೂ ನಾವು ಒಯ್ಯುವಂತಿಲ್ಲ. ಕೇರಿಯ ಸುತ್ತ ಕಂಬ ನೆಟ್ಟು ಮೇಲೆ ತಂತಿ ಎಳೆದರೆ ಮಾತ್ರ ಎರಡೆರಡು ಕಂಬವೂ ಒಂದೊಂದು ಬಾಗಿಲಿನ ಚೌಕಟ್ಟು ಎನಿಸಿ, ಕೇರಿಯೆಲ್ಲ ಒಂದೇ ಮನೆಯಾಗುತ್ತದೆ. ತಂತಿ ಒಂದು ಕಡೆ ಹರಿದರೂ ಮನೆ ಹೋಯಿತು.

ತಂತಿ ಹರಿದರೆ ನಮಗೆ ತಪ್ಪುವುದು ಒಂದು ಕರವಸ್ತ್ರ, ಅಷ್ಟೇ. ಶಬ್ತಾಯನ ಹೆಂಡತಿ ರೇಯ್ನಾಳಿಗೆ ಕಾಲು ಸ್ವಾಧೀನವಿರಲಿಲ್ಲ. ವಾರಕ್ಕೊಂದೇ ಸಲ, ಶಬ್ಬತ್ತಿನ ಬೆಳಿಗ್ಗೆ, ತಾನೇ ಮಾಡಿದ ಗಾಲಿಕುರ್ಚಿಯಲ್ಲಿ ಅವಳನ್ನು ಪ್ರಾರ್ಥನೆಗೆ ತಳ್ಳಿಕೊಂಡು ಹೋಗುತ್ತಿದ್ದ. ತಂತಿ ಇಲ್ಲದಿದ್ದರೆ ಕುರ್ಚಿ ಹೊಸ್ತಿಲು ದಾಟುವಂತಿರಲಿಲ್ಲ.

ನಲವತ್ತೆಂಟರಲ್ಲಿ ಅರಬ್ಬರಿಗೂ ನಮಗೂ ಆದ ಯುದ್ಧ ಮುಗಿದ ಮೇಲೆ ಬುದ್ಧಿವಂತರು ಕೂತು ನಕ್ಷೆಯ ಮೇಲೆ ಗೆರೆ ಎಳೆದರು. ದೇಶ ಹಂಚುವಷ್ಟು ತಿಳಿದವರಿಗೆ ಪೆನ್ಸಿಲು ಚೂಪು ಮಾಡುವುದು ತಿಳಿಯಲಿಲ್ಲ. ಕಾಗದದಲ್ಲಿ ಅಕ್ಕಿಕಾಳಿನ ದಪ್ಪದ ಗೆರೆ, ನೆಲದ ಮೇಲೆ ಅರವತ್ತು ಮೀಟರ್ ಆಯಿತು. ಆ ಅರವತ್ತು ಮೀಟರಿನೊಳಗೆ ಅರಬ್ಬರ ಮನೆಯ ಉಮ್ ಜಿರಿಯಿಸಳ ಅಂಗಳ. ಅಂಗಳದಲ್ಲಿ ಶಬ್ತಾಯನ ಹದಿನೇಳನೆಯ ಕಂಬ. ಬೇರೆ ಧರ್ಮದವರ ಅಂಗಳ ನಮ್ಮ ಬಾಗಿಲೊಳಗೆ ಬರಬೇಕಾದರೆ ಬಾಡಿಗೆ ಕೊಡಬೇಕು. ತುರ್ಕರ ಕಾಲದಿಂದಲೂ ಬಾಡಿಗೆ ಎರಡು ಎಳ್ಳಿನ ಬಿಸ್ಕತ್ತು. ಗೆರೆ ಬಿದ್ದ ಮೇಲೆ ಅದು ನಮ್ಮ ಓಣಿಯ ಕೊನೆಯ ಗೋಡೆಯ ಮೇಲಿಂದ ಬುಟ್ಟಿಯಲ್ಲಿ ಇಳಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ಒಂದು ಮಂಗಳವಾರ ಮೂವರು ಅಧಿಕಾರಿಗಳು ಆ ಅಂಗಳಕ್ಕೆ ಬಂದರು: ನಮ್ಮವನೊಬ್ಬ, ಅರಬ್ಬರ ಕಡೆಯಿಂದ ಅವರವನೊಬ್ಬ, ನಡುವೆ ಕದನವಿರಾಮ ಕಾಯುವ ಬಿಳಿ ಜೀಪಿನ ಪರದೇಶಿಯೊಬ್ಬ. ಶಬ್ತಾಯನನ್ನು ಕರೆಸಿದರು. ನಾವೆಲ್ಲ ಗೋಡೆಯ ಮೇಲೆ.

“ಈ ಕಂಬ ನೆಟ್ಟು ಗಡೀನ ಕದ್ದು ಮುಂದಕ್ಕೆ ತಂದಿದಾರೆ,” ಎಂದ ಅವರವನು.

“ಏನು ಮುಂದಕ್ಕೆ? ಅಬ್ರಹಾಮನ ಕಾಲದಿಂದ ಇದು ನಮ್ಮ ಜಾಗ,” ಎಂದ ನಮ್ಮವನು. ಅವನು ಈ ಗುಡ್ಡಕ್ಕೆ ಬಂದು ಮೂರು ತಿಂಗಳಾಗಿತ್ತು.

ಉಮ್ ಜಿರಿಯಿಸ್ ಸೆರಗಿನಿಂದ ಒಂದು ಬಿಸ್ಕತ್ತು ತೆಗೆದು ತೋರಿಸಿದಳು. “ಹಂಗಾದ್ರೆ ಈ ಅಣ್ಣ ನಂಗೆ ಬಾಡಿಗೆ ಯಾಕೆ ಕೊಡ್ತಾನೆ? ಇನ್ನೊಂದು ತಿಂದ್ಬಿಟ್ಟೆ, ಇಲ್ದಿದ್ರೆ ಎರಡೂ ತೋರಿಸ್ತಿದ್ದೆ.”

ನಮ್ಮವನ ಮುಖ ಕೆಂಪಾಯಿತು. “ಮೂರು ಸಾವಿರ ವರ್ಷದ ಹಕ್ಕನ್ನ ಎರಡು ಬಿಸ್ಕತ್ತಿಗೆ ಮಾರಿದೆಯೇನಯ್ಯ?”

“ಮಾರಿಲ್ಲ ಸಾಹೇಬ್ರೆ, ಬಾಡಿಗೆಗೆ ತಗೊಂಡೆ. ಅಬ್ರಹಾಮಜ್ಜನೂ ಹೆಂಡ್ತಿ ಗೋರಿ ಜಾಗಕ್ಕೆ ಬೆಳ್ಳಿ ತೂಗಿ ಕೊಟ್ಟಿದ್ದ. ನನ್ನೋಳು ಇನ್ನೂ ಬದುಕಿದಾಳೆ, ಬಿಸ್ಕತ್ತಲ್ಲೇ ಮುಗೀತು.”

ಪರದೇಶಿ ಕೇಳಿದ, “ಇದು ಬೇಲಿಯೋ, ಗಡಿಯೋ?”

“ಬಾಗಿಲು,” ಎಂದ ಶಬ್ತಾಯ್.

“ತೆರೆದಿದೆಯೋ, ಮುಚ್ಚಿದೆಯೋ?”

“ಮುಚ್ಚೋಕೇ ಬಾರದ ಬಾಗಿಲು.”

ಪರದೇಶಿ ನಕ್ಷೆಯ ಗುರುತುಗಳ ತನ್ನ ಪುಸ್ತಕ ತಿರುವಿದ. ಮುಳ್ಳುತಂತಿಗೆ ಗುರುತಿತ್ತು, ಕಂದಕಕ್ಕಿತ್ತು, ನೆಲಬಾಂಬಿಗಿತ್ತು. ಬಾಗಿಲಿಗೆ ಇರಲಿಲ್ಲ. ಹಾಗಾಗಿ ತೀರ್ಪು ಸುಲಭವಾಯಿತು: ಶುಕ್ರವಾರ ಮಧ್ಯಾಹ್ನ ತಂತಿ ಕತ್ತರಿಸುವುದು. ಮನೆಬಳಕೆಯ ಸಾಮಾನಿಗೆ ಮಾತ್ರ ಅಡ್ಡಿಯಿಲ್ಲ. ಅಲ್ಲಿಯವರೆಗೆ ಯಾವುದಕ್ಕೂ ಒಪ್ಪದ ಇಬ್ಬರೂ ಇದಕ್ಕೆ ಕೂಡಲೇ ಸಹಿ ಹಾಕಿದರು.

ಶಬ್ತಾಯ್ ಮನೆಗೆ ಬಂದು ಗಾಲಿಗೆ ಎಣ್ಣೆ ಹಾಕುತ್ತಾ ಕೂತ. “ಹೋಗದಿರೋ ಕುರ್ಚಿಗೆ ಎಣ್ಣೆ ಯಾಕ್ರೀ ದಂಡ?” ಎಂದಳು ರೇಯ್ನಾ. ಅವನು ಇನ್ನೊಂದು ಗಾಲಿಗೂ ಎಣ್ಣೆ ಬಿಟ್ಟ.

ಶುಕ್ರವಾರ ಸಿಪಾಯಿಯೊಬ್ಬ ಕತ್ತರಿ ಹಿಡಿದು ಬಂದ. ತಂತಿಯ ತುಂಬ ಉಮ್ ಜಿರಿಯಿಸಳ ಒಗೆದ ಬಟ್ಟೆ.

“ಮನೆಬಳಕೆ ಕಣಪ್ಪ,” ಎಂದಳು ಅವಳು. “ನನ್ನ ಗಂಡನ ಚಡ್ಡಿ ಯಾವ ದೇಶದ್ದು ಅಂತ ನಿಮ್ಮ ಪುಸ್ತಕದಲ್ಲಿ ನೋಡ್ಕೊಂಡು ಬಾ, ಕಾಯ್ತೀನಿ.”

ಸಿಪಾಯಿ ಚಡ್ಡಿಯನ್ನೊಮ್ಮೆ, ಕತ್ತರಿಯನ್ನೊಮ್ಮೆ ನೋಡಿದ. ಆಮೇಲೆ ಕತ್ತರಿ ಜೇಬಿಗಿಟ್ಟು ಹೋದ. ಗೋಡೆಯ ಮೇಲಿಂದ ಶಬ್ತಾಯ್ ಕೂಗಿದ, “ಉಮ್ ಜಿರಿಯಿಸ್, ಆ ಕಂಬಳಿ ಮಾತ್ರ ತೆಗಿಯಮ್ಮ. ತಂತಿ ಜೋತರೆ ಬಾಗಿಲು ಕೆಡುತ್ತೆ.”

“ಎರಡು ಬಿಸ್ಕತ್ತಿನ ಬಾಡಿಗೆದಾರ, ದೌಲತ್ತು ನೋಡು,” ಎಂದಳು. ಕಂಬಳಿ ತೆಗೆದು ಕಾಲುಚೀಲ ಹಾಕಿದಳು.

ಮರುದಿನ ಬೆಳಿಗ್ಗೆ ಕುರ್ಚಿ ಹೊಸ್ತಿಲು ದಾಟಿತು. ಗೋಡೆಯ ಒಡಕಿನ ಬಳಿ ರೇಯ್ನಾ ನಿಲ್ಲಿಸಲು ಹೇಳಿ ಕಾಲುಚೀಲ ಎಣಿಸಿದಳು. ಒಂಬತ್ತು. ಎಲ್ಲವೂ ಹಿಂದಿನ ಸಂಜೆಯೇ ಒಣಗಿದ್ದವು. ಆಕಾಶದಲ್ಲಿ ಮೂರು ನಕ್ಷತ್ರ ಕಂಡು ಶಬ್ಬತ್ತು ಮುಗಿಯುವವರೆಗೆ ಉಮ್ ಜಿರಿಯಿಸ್ ಒಂದನ್ನೂ ತೆಗೆಯಲಿಲ್ಲ.